ಕಾಗದದ ಸ್ಪಿಟ್‌ಫೈರ್: ಒಡಲು ಸೊಟ್ಟಗಾಗದಂತೆ ಕಟ್ಟುವುದು ಹೇಗೆ?

ಕಾಗದದ ವಿಮಾನ ಮಾದರಿಗಳ ಸ್ಪರ್ಧೆಯಲ್ಲಿ ಸೋಲುವುದು ಹೆಚ್ಚಾಗಿ ಒಡಲಿನಲ್ಲೇ. ಮೂತಿಯ ಕಡೆಯಿಂದ ಕಣ್ಣಳತೆ ಹಿಡಿದರೆ ಬಾಲ ಒಂದು ಪಕ್ಕಕ್ಕೆ ಬಾಳೆಕಾಯಿಯಂತೆ ಬಾಗಿರುತ್ತದೆ. ಒಡಲಿಗೆ ಆಕಾರ ಕೊಡಲು ಒಳಗೆ ಅಡ್ಡಲಾಗಿ ಕೂರಿಸುವ ರಟ್ಟಿನ ಬಿಲ್ಲೆಗಳು ಬಡಕಲು ದನದ ಪಕ್ಕೆಲುಬಿನಂತೆ ಹೊರಗೆ ಎದ್ದು ಕಾಣುತ್ತವೆ. ತೀರ್ಪುಗಾರರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ಇಲ್ಲಿ ಮಾದರಿಗೆ ತೆಗೆದುಕೊಂಡಿರುವುದು 1:33 ಅಳತೆಯ ಸ್ಪಿಟ್‌ಫೈರ್ ಮಾರ್ಕ್ 1, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. ನಿಜ ವಿಮಾನದ ರೆಕ್ಕೆಯಗಲ 11.23 ಮೀಟರ್, ಮಾದರಿಯಲ್ಲಿ ಅದು 34 ಸೆಂ.ಮೀ.

1. ಸಾಮಗ್ರಿ

ಹೊದಿಕೆಗೆ 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಕಾಗದ, ಒಳಗಿನ ಬಿಲ್ಲೆ ಮತ್ತು ತೊಲೆಗಳಿಗೆ 1 ಮಿ.ಮೀ. ರಟ್ಟು, ಕಾಕ್‌ಪಿಟ್‌ನ ಸಣ್ಣ ಭಾಗಗಳಿಗೆ 80 ಜಿಎಸ್‌ಎಂ ಸಾಕು. ಲೇಸರ್ ಮುದ್ರಣ ಬೇಡ, ಕಾಗದ ಸುತ್ತಿದಾಗ ಟೋನರ್ ಬಿರಿಯುತ್ತದೆ. ಇಂಕ್‌ಜೆಟ್‌ನಲ್ಲಿ ಮುದ್ರಿಸಿ, ಕತ್ತರಿಸುವ ಮೊದಲೇ ಮ್ಯಾಟ್ ವಾರ್ನಿಷ್ ಅನ್ನು ತೆಳುವಾಗಿ ಎರಡು ಸಲ ಸಿಂಪಡಿಸಿ. ಇಲ್ಲದಿದ್ದರೆ ಬೆರಳಿನ ಬೆವರಿಗೇ ಬಣ್ಣ ಹರಡುತ್ತದೆ.

ಜೋಡಣೆಗೆ ಬಿಳಿ ಅಂಟು (ಪಿವಿಎ), ಅದೂ ಹಲ್ಲುಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು. ರಟ್ಟಿನ ಮೇಲೆ ಇಡೀ ಹಾಳೆ ಅಂಟಿಸುವಾಗ ಮಾತ್ರ ನೀರಿಲ್ಲದ, ದ್ರಾವಕದ ಅಂಟು ಬಳಸಿ. ನೀರು ಕುಡಿದ ಹಾಳೆ ಒಣಗುವಾಗ ರಟ್ಟನ್ನೂ ಎಳೆದು ಬಾಗಿಸುತ್ತದೆ. ಗ್ಲೂ ಸ್ಟಿಕ್ ಹತ್ತಿರ ಸುಳಿಯಬೇಡಿ, ಅದರಲ್ಲಿ ಅಂಟಿಸಿದ್ದು ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಸೂಪರ್ ಗ್ಲೂ ಬಿಲ್ಲೆಯ ಅಂಚು ಗಟ್ಟಿ ಮಾಡಲಷ್ಟೇ ಸರಿ. ಹೊದಿಕೆಗೆ ತಗುಲಿದರೆ ಎಣ್ಣೆ ಬಿದ್ದಂತೆ ಕಲೆ ಉಳಿಯುತ್ತದೆ.

1:33ರ ನಕ್ಷೆಯನ್ನು ಶೇ 69ಕ್ಕೆ ಇಳಿಸಿ ಮುದ್ರಿಸಿದರೆ 1:48 ಆಗುತ್ತದೆ ಎಂಬ ಅಡ್ಡದಾರಿಯನ್ನು ಹಲವರು ಹಿಡಿಯುತ್ತಾರೆ. ಆಗ ರಟ್ಟು ಕೂರುವ ಸೀಳುಗಳೂ ಕಿರಿದಾಗುತ್ತವೆ, 1 ಮಿ.ಮೀ. ರಟ್ಟು ಒಳಗೆ ಹೋಗುವುದಿಲ್ಲ. 0.7 ಮಿ.ಮೀ. ರಟ್ಟು ಕೈಯಲ್ಲಿದ್ದರೆ ಮಾತ್ರ ಇಳಿಸಿ.

2. ನಾರಿನ ದಿಕ್ಕು

ಕಾಗದವನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸಲೀಸಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೇ ನಾರು ಇದೆ. ಒಡಲಿನ ಉದ್ದವೂ ಅದೇ ದಿಕ್ಕಿಗೆ ಬರುವಂತೆ ಮುದ್ರಿಸಿ.

3. ಒಡಲು

ಸಮಯದ ಅರ್ಧ ಭಾಗವನ್ನು ಇಲ್ಲೇ ಕಳೆಯಿರಿ.

ಬಿಲ್ಲೆಯನ್ನು ಗೆರೆಯ ಹೊರಗೆ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಗೆರೆಗೆ ತನ್ನಿ. ಅಂಟು ಹಾಕದೆ ಹೊದಿಕೆಯನ್ನು ಅದರ ಸುತ್ತ ಮುಚ್ಚಿ ನೋಡಿ. ಅಂಚುಗಳು ತಾವಾಗಿ ಕೂಡಬೇಕು. ಬಿರುಕು ಉಳಿದರೆ ಹೊದಿಕೆಯನ್ನು ಎಳೆಯಬೇಡಿ, ಬಿಲ್ಲೆಯನ್ನೇ ಇನ್ನಷ್ಟು ಉಜ್ಜಿ. ಎಳೆದು ಕೂಡಿಸಿದ್ದೇ ಆಮೇಲೆ ಪಕ್ಕೆಲುಬಾಗಿ ಏಳುತ್ತದೆ. ಸ್ಪಿಟ್‌ಫೈರ್‌ನ ಒಡಲು ಬಾಲದ ಕಡೆಗೆ ಸಪೂರವಾಗುವುದರಿಂದ ಬಿಲ್ಲೆಯ ಅಂಚನ್ನು ಆ ಕಡೆಗೆ ಓರೆಯಾಗಿ ಉಜ್ಜಬೇಕು. ನೇರ ಅಂಚು ಬಿಟ್ಟರೆ ಅದರ ಒಂದು ಏಣು ಮಾತ್ರ ಹೊದಿಕೆಗೆ ತಾಗಿ, ಹೊರಗೆ ಗೆರೆ ಮೂಡುತ್ತದೆ.

ಎರಡು ತುಂಡುಗಳನ್ನು ಕೂಡಿಸುವ ಒಳಪಟ್ಟಿಯದು ಇನ್ನೊಂದು ಕಾಟ. ಈ ಕಾಗದದ ದಪ್ಪ ಸುಮಾರು 0.2 ಮಿ.ಮೀ. ಪಟ್ಟಿ ಹೊದಿಕೆಯ ಒಳಗೆ ಕೂರುವುದರಿಂದ ಅದರ ಸುತ್ತಳತೆ ಹೊದಿಕೆಗಿಂತ ಸುಮಾರು 1.25 ಮಿ.ಮೀ. ಕಡಿಮೆ ಇರಬೇಕು. ನಕ್ಷೆಯಲ್ಲಿ ಎರಡನ್ನೂ ಒಂದೇ ಉದ್ದಕ್ಕೆ ಬರೆದಿದ್ದರೆ ಪಟ್ಟಿಯ ತುದಿಗಳು ಒಂದರ ಮೇಲೊಂದು ಏರಿ ಅಲ್ಲೊಂದು ಬುಗುಟು ಬರುತ್ತದೆ. ಅಳೆದು, ಹೆಚ್ಚಿದ್ದನ್ನು ಕತ್ತರಿಸಿ.

ಸುತ್ತುವಾಗ ಹೊದಿಕೆಯನ್ನು ಮೌಸ್ ಪ್ಯಾಡಿನಂಥ ಮೆತ್ತನೆಯ ಹಾಸಿನ ಮೇಲಿಟ್ಟು ಮೊದಲು ದಪ್ಪ ಕೋಲು, ಆಮೇಲೆ ಸಣ್ಣ ಕೋಲು ಉರುಳಿಸಿ. ಎರಡೂ ತುದಿಯ ಕೊನೆಯ 5 ಮಿ.ಮೀ.ಗೆ ವಿಶೇಷ ಗಮನ ಕೊಡಿ. ಅದು ನೆಟ್ಟಗೇ ಉಳಿದರೆ ಹೊಟ್ಟೆಯಡಿಯ ಕೂಡುಗೆರೆ ಮನೆಯ ಸೂರಿನಂತೆ ಚೂಪಾಗುತ್ತದೆ.

ಕತ್ತರಿಸಿದ ಬಿಳಿ ಅಂಚುಗಳಿಗೆಲ್ಲ ಅಂಟು ಹಾಕುವ ಮೊದಲೇ, ಅರ್ಧ ಒಣಗಿದ ಕುಂಚದಲ್ಲಿ ಜಲವರ್ಣ ಹಚ್ಚಿ. ಸ್ಕೆಚ್ ಪೆನ್ ಬೇಡ, ಅದರ ಶಾಯಿ ನಾರಿನೊಳಗೆ ಹೀರಿ ಮುಂಭಾಗದಲ್ಲಿ ಕಪ್ಪಂಚಾಗಿ ಹೊಮ್ಮುತ್ತದೆ.

ತುಂಡುಗಳನ್ನು ಮೂತಿಯಿಂದ ಶುರು ಮಾಡಬೇಡಿ. ಕಾಕ್‌ಪಿಟ್ ಇರುವ ನಡುತುಂಡಿನಿಂದ ಎರಡೂ ಕಡೆಗೆ ಹೋಗಿ, ರೆಕ್ಕೆ ಕೂರುವುದೂ ಅದಕ್ಕೇ. ಒಂದೊಂದು ಕೂಡಿಕೆಯಲ್ಲಿ ಅರ್ಧ ಮಿ.ಮೀ. ತಿರುಚಿದರೂ ಐದನೆಯದಕ್ಕೆ ಎರಡೂವರೆ ಮಿ.ಮೀ. ಆಗಿ, ಬಾಲದ ರೆಕ್ಕೆ ಓರೆಯಾಗುತ್ತದೆ. ಪ್ರತಿ ತುಂಡು ಕೂಡಿಸಿದ ಕೂಡಲೇ ಬೆನ್ನಿನ ನಡುಗೆರೆಯ ಮೇಲೆ ಕಪ್ಪು ದಾರವೊಂದನ್ನು ಎಳೆದು ಹಿಡಿದು ನೋಡಿ. ಬಿಳಿ ಅಂಟು ಹಿಡಿಯುವ ಮೊದಲು ತಿರುಗಿಸಿ ಸರಿಪಡಿಸಲು ತುಸು ಹೊತ್ತು ಸಿಗುತ್ತದೆ.

4. ರೆಕ್ಕೆ

ರೆಕ್ಕೆಯ ಹೊದಿಕೆಯನ್ನು ಮುಂದಂಚು, ಹಿಂದಂಚಿಗೆ ಮಾತ್ರ ಅಂಟಿಸಿ, ನಡುವಿನ ಪಕ್ಕೆಗಳಿಗೆ ಬೇಡ. ಹಿಂದಂಚಿನ ಒಳಮೈಯನ್ನು ಉಜ್ಜಿ ತೆಳುವಾಗಿಸಿದರೆ ಅಲಗಿನಂತೆ ಕೂಡುತ್ತದೆ. ಸ್ಪಿಟ್‌ಫೈರ್‌ನ ರೆಕ್ಕೆಗಳು 6 ಡಿಗ್ರಿ ಮೇಲಕ್ಕೆ ಎದ್ದಿವೆ, ಅಂದರೆ 15 ಸೆಂ.ಮೀ. ಉದ್ದಕ್ಕೆ 1.6 ಸೆಂ.ಮೀ. ಏರಿಕೆ. ಈ ಎತ್ತರಕ್ಕೆ ಎರಡು ರಟ್ಟಿನ ಆಧಾರ ಕತ್ತರಿಸಿ ಎರಡೂ ಕಡೆ ಕೊಟ್ಟು, ಒಂದು ರಾತ್ರಿ ಒಣಗಲು ಬಿಡಿ.

ರೆಕ್ಕೆ ಒಡಲಿಗೆ ಸೇರುವ ಕಡೆಯ ಬಾಗಿದ ಮುಚ್ಚಿಗೆಯನ್ನು ಮೊದಲು ಬರಿ ಹಾಳೆಯಲ್ಲಿ ಕತ್ತರಿಸಿ ಹೊಂದಿಸಿ ನೋಡಿ. ನಕ್ಷೆಯದು ಹಾಗೇ ಕೂತರೆ ನಿಮ್ಮ ಅದೃಷ್ಟ.

ಅಡಿಯಲ್ಲಿ ಎರಡೂ ರೆಕ್ಕೆ ಒಂದೇ ತರಹ ಇರಬೇಕೆಂದು ತಿದ್ದಲು ಹೋಗಬೇಡಿ. ಮಾರ್ಕ್ 1ರಲ್ಲಿ ಪೈಲಟ್‌ನ ಬಲಗಡೆ ಪೆಟ್ಟಿಗೆಯಾಕಾರದ ರೇಡಿಯೇಟರ್, ಎಡಗಡೆ ಸಣ್ಣ ಆಯಿಲ್ ಕೂಲರ್.

5. ಉಳಿದದ್ದು

ಚಕ್ರದ ಕಾಲಿನೊಳಗೆ 0.8 ಮಿ.ಮೀ. ತಂತಿ ಹಾಕಿ. ಬರಿ ಕಾಗದದ ಕಾಲು ಮಾದರಿಯ ಭಾರಕ್ಕೆ ನಿಧಾನವಾಗಿ ಅಗಲಿಸುತ್ತದೆ. ಗಾಜಿನ ಮುಚ್ಚಳಕ್ಕೆ ಬಿಳಿ ಅಂಟೇ ಸರಿ, ಸೂಪರ್ ಗ್ಲೂವಿನ ಹೊಗೆಗೆ ಪ್ಲಾಸ್ಟಿಕ್ ಮಬ್ಬಾಗುತ್ತದೆ.

6. ಗುರುತುಗಳು

ಕೆಲಸ ಚೆನ್ನಾಗಿದ್ದೂ ಅಂಕ ಕಳೆದುಕೊಳ್ಳುವುದು ಇಲ್ಲಿ. ವಿಮಾನದ ಬಣ್ಣ, ಪಟ್ಟಿಗಳು ಕಾಲಕ್ಕೆ ತಕ್ಕಂತೆ ಬದಲಾದವು. ಸ್ಪಿಟ್‌ಫೈರ್‌ಗಳು ಜರ್ಮನಿಯ ವಿರುದ್ಧ ಹೋರಾಡಿದ ವಾಯುಯುದ್ಧ ‘ಬ್ಯಾಟಲ್ ಆಫ್ ಬ್ರಿಟನ್’ ನಡೆದದ್ದು 1940ರ ಜುಲೈಯಿಂದ ಅಕ್ಟೋಬರ್‌ವರೆಗೆ. ಅದಕ್ಕೆ ಮುಂಚೆ, ಜೂನ್‌ವರೆಗೆ, ಕೆಳಮೈ ಅರ್ಧ ಕಪ್ಪು, ಅರ್ಧ ಬಿಳಿ ಇದ್ದ ವಿಮಾನಗಳಿದ್ದವು. ಆಮೇಲೆ ‘ಸ್ಕೈ’ ಎಂಬ ತಿಳಿಹಸಿರು ಛಾಯೆ ಬಂತು. ಬಾಲದ ಮುಂದಿನ ಸ್ಕೈ ಬಣ್ಣದ ಪಟ್ಟಿ ಬಂದದ್ದು ನವೆಂಬರ್ ಕೊನೆಗೆ. ಆಗಸ್ಟ್‌ನ ವಿಮಾನಕ್ಕೆ ಆ ಪಟ್ಟಿ ಹಾಕಿದರೆ ತಪ್ಪು. ನೀವು ಆರಿಸಿಕೊಂಡ ವಿಮಾನದ ಫೋಟೊ ಒಂದನ್ನು ಮಾದರಿಯ ಪಕ್ಕದಲ್ಲೇ ಇಡಿ.

ಲೇಸರ್‌ನಲ್ಲಿ ಕತ್ತರಿಸಿದ ಬಿಲ್ಲೆ, ಮೇಲೆ ಬಳಿದ ಬಣ್ಣ, ಪ್ಲಾಸ್ಟಿಕ್ ಭಾಗ ಯಾವ ವಿಭಾಗದಲ್ಲಿ ನಡೆಯುತ್ತದೆ ಎಂಬುದನ್ನು ಕಾಗದಕ್ಕೆ ಕತ್ತರಿ ಹಾಕುವ ಮೊದಲೇ ನಿಯಮಗಳಲ್ಲಿ ಓದಿಕೊಳ್ಳಿ. ಸಾಗಿಸುವಾಗ ಪ್ರೊಪೆಲ್ಲರನ್ನು ಬೇರೆ ಇಡಿ. ಮಾದರಿಯನ್ನು ಚಕ್ರದ ಮೇಲೆ ನಿಲ್ಲಿಸದೆ, ರೆಕ್ಕೆಯ ಬುಡಕ್ಕೆ ಫೋಮ್ ಆಧಾರ ಕೊಟ್ಟು ಡಬ್ಬಿಯಲ್ಲಿ ಕೂರಿಸಿ.