ಇಲಿ ತೆಳ್ಳಗಾದದ್ದು ಕಿಣ್ವ ತಡೆದದ್ದರಿಂದಲೇ?

ಬೊಜ್ಜಿನ ಔಷಧಕ್ಕಾಗಿ ಕಿಣ್ವಗಳನ್ನು ತಡೆಯುವ ಅಣುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಮನುಷ್ಯರಿಗೆ ಕೊಡುವುದಕ್ಕೆ ಬಹಳ ಮುಂಚಿನ ಹಂತವಿದು. ಅಣು ಕೊಟ್ಟಾಗ ಇಲಿ ತೆಳ್ಳಗಾಯಿತು ಎನ್ನುವುದನ್ನು ನಾನು ಫಲಿತಾಂಶವೆಂದು ಎಣಿಸುವುದಿಲ್ಲ. ಅದು ಕಿಣ್ವ ನಿಂತದ್ದರಿಂದಲೇ ಆಯಿತೇ ಎಂದು ತಿಳಿಯಬೇಕು. ನನ್ನ ಸಮಯದ ಬಹುಪಾಲು ಹೋಗುವುದು ಇದಕ್ಕೇ.

ಶುರುಮಾಡಿದ್ದು ಮೇದೋಜೀರಕ ಗ್ರಂಥಿಯ ಲೈಪೇಸ್‌ನಿಂದ. ಕರುಳಲ್ಲಿ ಕೊಬ್ಬನ್ನು ಒಡೆಯುವ ಕಿಣ್ವ ಇದು. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆರ್ಲಿಸ್ಟಾಟ್ ತಡೆಯುವುದೂ ಇದನ್ನೇ, ಹಾಗಾಗಿ ಪರೀಕ್ಷೆಯ ಪ್ರತಿ ಪ್ಲೇಟಿನಲ್ಲೂ ಹೋಲಿಕೆಗೆ ಅದನ್ನು ಇಡುತ್ತೇನೆ. ಪ್ಯಾರಾ-ನೈಟ್ರೋಫೀನೈಲ್ ಬ್ಯುಟಿರೇಟ್ ಎಂಬ ಬಣ್ಣವಿಲ್ಲದ ರಾಸಾಯನಿಕವನ್ನು ಕಿಣ್ವ ಒಡೆದಾಗ ಬರುವ ಹಳದಿಯನ್ನು 405 ನ್ಯಾನೋಮೀಟರಿನಲ್ಲಿ ಅಳೆಯುತ್ತೇನೆ. ಸಸ್ಯಸಾರಗಳಿಗೆ ಸ್ವಂತ ಬಣ್ಣವಿರುವುದರಿಂದ ಒಂದೊಂದಕ್ಕೂ ಕಿಣ್ವವಿಲ್ಲದ ಬ್ಲ್ಯಾಂಕ್ (ಆ ಬಣ್ಣವನ್ನು ಕಳೆಯಲು ಇಡುವ ಮಾದರಿ) ಬೇಕೇ ಬೇಕು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ: ಕೆಲವು ಅಣುಗಳು ದ್ರಾವಣದಲ್ಲಿ ಗುಂಪುಗೂಡಿ, ಸಿಕ್ಕ ಕಿಣ್ವವನ್ನೆಲ್ಲ ಮೈಗೆ ಅಂಟಿಸಿಕೊಂಡು, ತಡೆದಂತೆ ತೋರುತ್ತವೆ. ಸಾಮಾನ್ಯವಾಗಿ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕವನ್ನು ಚೂರು ಹಾಕಿ ಇದನ್ನು ಪತ್ತೆಹಚ್ಚುತ್ತಾರೆ: ಗುಂಪು ಒಡೆದು ತಡೆ ಮಾಯವಾದರೆ ಅದು ಸುಳ್ಳು ತಡೆ. ಆದರೆ ಲೈಪೇಸ್ ಕೆಲಸ ಮಾಡುವುದೇ ಎಣ್ಣೆ-ನೀರು ಸೇರುವ ಅಂಚಿನಲ್ಲಿ. ಮಾರ್ಜಕ ಬಿದ್ದರೆ ಅದರ ವರ್ತನೆಯೇ ಬದಲಾಗುತ್ತದೆ. ಅದಕ್ಕೆ ಆ ಅಣುವನ್ನು ಸಂಬಂಧವೇ ಇಲ್ಲದ ಬೀಟಾ-ಲ್ಯಾಕ್ಟಮೇಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವದ ಮೇಲೆ, ಮಾರ್ಜಕ ಹಾಕಿಯೂ ಹಾಕದೆಯೂ ನೋಡುತ್ತೇನೆ. ಅಲ್ಲಿ ಗುಂಪುಗೂಡುವ ಲಕ್ಷಣ ತೋರದ ಅಣುಗಳನ್ನು ಮಾತ್ರ ಪಿತ್ತಲವಣ ಮತ್ತು ಲೈಪೇಸ್‌ಗೆ ನೆರವಾಗುವ ಕೊಲೈಪೇಸ್ ಪ್ರೋಟೀನ್ ಬೆರೆಸಿದ ಎಣ್ಣೆಯ ಎಮಲ್ಷನ್ನಿನಲ್ಲಿ ಮತ್ತೆ ಪರೀಕ್ಷಿಸುತ್ತೇನೆ.

ಆಮೇಲೆ ನನ್ನನ್ನು ಸೆಳೆದದ್ದು ನಿಕೋಟಿನಮೈಡಿಗೆ (ವಿಟಮಿನ್ ಬಿ3ಯ ಒಂದು ರೂಪ) ಮೀಥೈಲ್ ಗುಂಪು ಜೋಡಿಸುವ ಎನ್‌ಎನ್‌ಎಂಟಿ ಎಂಬ ಕಿಣ್ವ. ಯಕೃತ್ತು ಮತ್ತು ಬಿಳಿ ಕೊಬ್ಬಿನಲ್ಲಿ ಇದನ್ನು ತಗ್ಗಿಸಿದರೆ ಇಲಿಗಳಿಗೆ ಆಹಾರದಿಂದ ಬರುವ ಬೊಜ್ಜಿನಿಂದ ರಕ್ಷಣೆ ಸಿಗುತ್ತದೆಂದು 2014ರಲ್ಲಿ ಪ್ರಕಟವಾಗಿತ್ತು. ಈ ಕಿಣ್ವದ ಉತ್ಪನ್ನವಾದ 1-ಮೀಥೈಲ್‌ನಿಕೋಟಿನಮೈಡನ್ನು ಅಂಗಾಂಶದಲ್ಲೇ ಅಳೆಯಬಹುದು, ಅದು ದೊಡ್ಡ ಅನುಕೂಲ. ಆ ಉತ್ಪನ್ನ ಇಳಿಯದೆ ತೂಕ ಮಾತ್ರ ಇಳಿದರೆ ಬೇರೆ ಕಾರಣ ಹುಡುಕುತ್ತೇನೆ. ಪ್ರಯೋಗಾಲಯದಲ್ಲಿ ಕೊಬ್ಬಿನ ಕೋಶಗಳಾಗಿ ಬೆಳೆಸುವ 3ಟಿ3-ಎಲ್1 ಎಂಬ ಇಲಿ ಕೋಶಗಳಲ್ಲಿ, ಕೊಬ್ಬಿಗೆ ಹತ್ತುವ ಆಯಿಲ್ ರೆಡ್ ಓ ಬಣ್ಣ ಕಡಿಮೆಯಾದರೂ ಅಷ್ಟೇ: ಸತ್ತ ಕೋಶವೂ ಕೊಬ್ಬು ಕೂಡಿಡುವುದಿಲ್ಲ, ಹಾಗಾಗಿ ಕೋಶಗಳು ಬದುಕಿವೆಯೇ ಎಂದು ಜೊತೆಯ ಪ್ಲೇಟಿನಲ್ಲಿ ನೋಡಿಕೊಳ್ಳುತ್ತೇನೆ.

ನಾನು ಬಳಸುವುದು ಸಿ57ಬಿಎಲ್/6ಜೆ ಎಂಬ ಪ್ರಯೋಗಾಲಯ ತಳಿಯ ಗಂಡು ಇಲಿಗಳನ್ನು. ಶೇ. 60ರಷ್ಟು ಕ್ಯಾಲೊರಿ ಕೊಬ್ಬಿನಿಂದಲೇ ಬರುವ ಆಹಾರ ತಿಂದು ಅವು ದಪ್ಪಗಾಗುತ್ತವೆ. ಬಾಯಿಗೆ ನಳಿಗೆ ಹಾಕುವ ಒತ್ತಡಕ್ಕೇ ತೂಕ ಇಳಿಯಬಹುದು, ಅದಕ್ಕೆ ಮೊದಲ ಕೆಲವು ದಿನ ಎಲ್ಲಕ್ಕೂ ಔಷಧವಿಲ್ಲದ ದ್ರಾವಣವಷ್ಟೇ. ನಾನು ಎಂದೂ ಕೈಬಿಡದ ಗುಂಪು ಒಂದಿದೆ: ಔಷಧ ಪಡೆದ ಇಲಿಗಳು ಹಿಂದಿನ ದಿನ ತಿಂದಷ್ಟನ್ನೇ ಅಳೆದು ಈ ಗುಂಪಿಗೆ ಹಾಕುತ್ತೇನೆ. ಇವೂ ಅಷ್ಟೇ ಇಳಿದರೆ, ಇಳಿಸಿದ್ದು ಹಸಿವು ಕುಗ್ಗಿದ್ದು. ಅದಕ್ಕೆ ಕಾಯಿಲೆಯೂ ಕಾರಣವಿರಬಹುದು. ಇನ್ನು ಕೋಣೆಯ ಬಿಸಿ. 22 ಡಿಗ್ರಿಯಲ್ಲಿ ಇಲಿ ಮೈ ಬೆಚ್ಚಗಿಡಲೆಂದೇ ಶಕ್ತಿ ಸುಡುತ್ತಿರುತ್ತದೆ, ಆದ್ದರಿಂದ ಮುಖ್ಯ ಪ್ರಯೋಗಗಳನ್ನು 30 ಡಿಗ್ರಿಯ ಆಸುಪಾಸಿನಲ್ಲೂ ಮಾಡಿ ನೋಡುತ್ತೇನೆ.

ಕೊಬ್ಬು ತಯಾರಿಸಲು ಬೇಕಾದ ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವವನ್ನು ಯಕೃತ್ತಿನಲ್ಲಿ ತಡೆದಾಗ ಅಲ್ಲಿನ ಕೊಬ್ಬು ಇಳಿದರೂ ರೋಗಿಗಳ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿತು. ಟ್ರೈಗ್ಲಿಸರೈಡ್ ಜೋಡಿಸುವ ಡಿಜಿಎಟಿ1 ಕಿಣ್ವವನ್ನು ತಡೆಯುವ ಅಣುಗಳು ಇಲಿಗಳಲ್ಲಿ ಭರವಸೆ ಹುಟ್ಟಿಸಿ, ಮನುಷ್ಯರಲ್ಲಿ ಭೇದಿ ತಂದವು. ಹೀಗಾಗಿ ತೂಕದ ಜೊತೆಗೆ ಟ್ರೈಗ್ಲಿಸರೈಡ್, ಯಕೃತ್ತಿನ ಕೊಬ್ಬು, ಮಲದ ಸ್ಥಿತಿ ಎಲ್ಲವನ್ನೂ ಬರೆದಿಡುತ್ತೇನೆ. 5-ಅಮಿನೊ-1ಎಂಕ್ಯೂ ಎಂಬ ಎನ್‌ಎನ್‌ಎಂಟಿ ಪ್ರತಿಬಂಧಕ ಈಗಲೇ ಕ್ಯಾಪ್ಸೂಲಾಗಿ ಮಾರಾಟವಾಗುತ್ತಿರುವುದು ನನಗೆ ಕಳವಳ ತರುತ್ತದೆ. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶ ಇಲಿಗಳದ್ದು, ಅದೂ ಚರ್ಮದಡಿ ಚುಚ್ಚಿ ಕೊಟ್ಟಾಗ ಬಂದದ್ದು.