ಪಿಟೀಲಿನ ಎಳೆ ಹಿಡಿದು ಒಂದು ತಂಡದವರೆಗೆ

ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ, ಪ್ಲೇಲಿಸ್ಟ್ ತನ್ನ ಪಾಡಿಗೆ ಓಡುತ್ತಿತ್ತು. ಯಾವುದೋ ಹೆಣ್ಣುದನಿ, ಮಾತಾಡಿದಷ್ಟೇ ಮೆಲ್ಲಗೆ, ಬೇಸರವನ್ನು ಮುಚ್ಚಿಡುವ ಗೋಜಿಗೇ ಹೋಗದೆ ಹಾಡುತ್ತಿತ್ತು. ಅದರ ಬೆನ್ನಿಗೆ ಪಿಟೀಲುಗಳು ಒಟ್ಟಾಗಿ ಮೇಲೆದ್ದವು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಮೊಬೈಲ್ ನೋಡಿದೆ: ಕ್ಯಾಮೆರಾ ಆಬ್‌ಸ್ಕ್ಯೂರಾ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಂಡಿ ಪಾಪ್ ತಂಡ. ಹಾಡಿದವರು ಟ್ರೇಸಿಯಾನ್ ಕ್ಯಾಂಪ್‌ಬೆಲ್. ಆಲ್ಬಮ್ 2009ರ ‘ಮೈ ಮಾಡ್ಲಿನ್ ಕರಿಯರ್’.

ಇಂಥದ್ದು ನಿಮಗೂ ಸಿಕ್ಕಾಗ ‘ಇದೇ ಬಗೆಯ ಹಾಡುಗಳು’ ಎಂಬ ಗುಂಡಿಯನ್ನು ಒತ್ತಬೇಡಿ. ನಾನು ವರ್ಷಗಟ್ಟಲೆ ಒತ್ತಿದ್ದೇನೆ. ಅದೇ ಮಂಜು, ಅದೇ ಮಸುಕು ದನಿ ಬರುತ್ತದೆ, ಹಾಡಿಗೆ ಬೆನ್ನೆಲುಬಾಗಿದ್ದ ವಾದ್ಯವೃಂದ ಮಾತ್ರ ಬರುವುದಿಲ್ಲ. ಮೊದಲು ಆ ಒಂದು ಆಲ್ಬಮ್ಮನ್ನು ಆರಂಭದಿಂದ ಕೊನೆಯವರೆಗೆ, ಹಾಡುಗಳ ಅನುಕ್ರಮ ಕೆಡಿಸದೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮರುದಿನ ಮತ್ತೊಮ್ಮೆ ಕೇಳಿ, ಆದರೆ ಈ ಸಲ ಹಾಡುವವರನ್ನು ಬಿಟ್ಟು ಹಿಂದಿರುವವರನ್ನು ಕೇಳಿ.

ಹಿಂದೆ ಕೇಳುವುದು ಬಹುಮಟ್ಟಿಗೆ 1960ರ ದಶಕದ ಧಾಟಿ. ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಹಲವು ಗಿಟಾರ್, ಹಲವು ಪಿಯಾನೋಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಸಿಸುತ್ತಿದ್ದರು. ಆ ಧ್ವನಿಯನ್ನು ಪ್ರತಿಧ್ವನಿ ಕೋಣೆಗೆ ಹಾಯಿಸಿ, ಗೋಡೆಗಳಿಗೆ ಬಡಿದು ಮರಳಿದ್ದನ್ನು ಮೈಕಿನಲ್ಲಿ ಹಿಡಿಯುತ್ತಿದ್ದರು. ಇದು ಗಿಟಾರ್, ಇದು ಪಿಯಾನೋ ಎಂದು ಬಿಡಿಸಲಾಗದಂತೆ ಎಲ್ಲವೂ ಒಂದರೊಳಗೊಂದು ಕರಗುವುದು ಅದರಿಂದಲೇ. ಕನಸಿನಂತಿದೆ ಎಂದು ನಾವು ಹೇಳುವುದರಲ್ಲಿ ಅರ್ಧಪಾಲು ಈ ಕರಗುವಿಕೆಯದು.

ಇನ್ನೊಂದು ಗುರುತು ಮೆಲೊಟ್ರಾನ್. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಕೀಬೋರ್ಡ್ ಇದು. ಪ್ರತಿ ಕೀಲಿಯ ಕೆಳಗೂ ಒಂದು ತುಂಡು ಟೇಪು, ಅದರಲ್ಲಿ ನಿಜವಾದ ಪಿಟೀಲಿನದೋ ಕೊಳಲಿನದೋ ಒಂದೇ ಸ್ವರ. ಬೀಟಲ್ಸ್ ತಂಡ 1967ರಲ್ಲಿ ಹೊರತಂದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಆರಂಭದ ಕೊಳಲು ಇದೇ. ಟೇಪು ಓಡುವುದು ಸುಮಾರು ಎಂಟು ಸೆಕೆಂಡು. ಆಮೇಲೆ ಬೆರಳೆತ್ತಿ ಮತ್ತೆ ಒತ್ತಲೇಬೇಕು. ಇಂಥ ತಂಡಗಳ ಹಾಡಿನಲ್ಲಿ ಉದ್ದದ ಸ್ವರವೊಂದು ಸಣ್ಣಗೆ ನಡುಗುತ್ತಿದ್ದರೆ, ಎಂಟು ಸೆಕೆಂಡಿನೊಳಗೇ ಉಸಿರು ತೆಗೆದುಕೊಂಡಂತೆ ಕಡಿದು ಮತ್ತೆ ಹುಟ್ಟಿದರೆ, ಅದು ಮೆಲೊಟ್ರಾನ್ ಇರಬಹುದು. ಮೊದಲ ಸಲ ನಾನು ಗಡಿಯಾರ ಹಿಡಿದು ಎಣಿಸಿದ್ದೆ. ಆ ನಡುಕ ನನಗೆ ಇಂದಿಗೂ ಅಸಲಿ ಪಿಟೀಲಿಗಿಂತ ಹತ್ತಿರ.

ಈಗ ಹೆಸರುಗಳನ್ನು ಓದಿ. ಆಲ್ಬಮ್ಮಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ನಿರ್ಮಾಪಕರು ಯಾರು, ತಂತಿವಾದ್ಯಗಳ ಸಂಯೋಜನೆ ಯಾರದು ಎಂದು ಬರೆದಿರುತ್ತದೆ. ನಾನು ಹಿಡಿದ ಎಳೆ ಸ್ವೀಡನ್ನಿನ ಯಾರಿ ಹಾಪಲೈನನ್. ಕ್ಯಾಮೆರಾ ಆಬ್‌ಸ್ಕ್ಯೂರಾದ 2006ರ ಆಲ್ಬಮ್ಮಿಗೂ 2009ರದ್ದಕ್ಕೂ ಅವರೇ ನಿರ್ಮಾಪಕರು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ತಂಡದ ಕೈ ಯಾವುದು, ನಿರ್ಮಾಪಕರ ಕೈ ಯಾವುದು ಎಂದು ಮೆಲ್ಲಮೆಲ್ಲಗೆ ತಿಳಿಯತೊಡಗುತ್ತದೆ.

2024ರ ‘ಲುಕ್ ಟು ದಿ ಈಸ್ಟ್, ಲುಕ್ ಟು ದಿ ವೆಸ್ಟ್’ ಆಲ್ಬಮ್ಮನ್ನು ಕೊನೆಗೆ ಇಟ್ಟುಕೊಳ್ಳಿ, ಅವಸರ ಬೇಡ. ಕೀಬೋರ್ಡ್ ನುಡಿಸುತ್ತಿದ್ದ ಕೇರಿ ಲ್ಯಾಂಡರ್ 2015ರಲ್ಲಿ ತೀರಿಕೊಂಡರು. ಅದಾದ ಮೇಲೆ ತಂಡ ಹೊರತಂದ ಮೊದಲ ಆಲ್ಬಮ್ ಇದು. ನಿರ್ಮಾಪಕರು ಮತ್ತೆ ಹಾಪಲೈನನ್, ಆದರೆ ಈ ಸಲ ಪಿಟೀಲಿನ ವೃಂದವೂ ಇಲ್ಲ, ತುತ್ತೂರಿಗಳೂ ಇಲ್ಲ. ಪಿಯಾನೋ, ಸಿಂಥಸೈಜರ್, ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್‌ಗಳೇ ಮುಂದೆ. ಪಿಟೀಲು ಏಳಬೇಕಿತ್ತು ಎಂದು ನಿಮ್ಮ ಕಿವಿ ಕಾಯುವ ಜಾಗಕ್ಕೆ ಆರ್ಗನ್ ತಣ್ಣಗೆ ಬಂದು ನಿಲ್ಲುತ್ತದೆ. ಅಲ್ಲಿ ಧ್ವನಿಯನ್ನು ತುಸು ಏರಿಸಿ ಕೇಳಿ.