ಗಿಡ್ಡ ದನಕ್ಕೂ ಸ್ಕ್ಯಾನ್, ವರದಿ ಹಟ್ಟಿಯಲ್ಲೇ: ನನ್ನ ಅನುಭವ

ಕಾಸರಗೋಡು ಗಿಡ್ಡ ಎಂಬ ನಮ್ಮ ಕಡೆಯ ಕುಳ್ಳ ನಾಟಿ ತಳಿಯ ಕಡಸಿಗೆ ಗಬ್ಬ ನೋಡಲಿಕ್ಕೆ ಗುದನಾಳದೊಳಗೆ ಕೈ ಹಾಕಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಣಿಕಟ್ಟು ದಾಟುವ ಮೊದಲೇ ಕೈ ಬಿಗಿಯುತ್ತದೆ, ದನ ತಿಣುಕುತ್ತದೆ, ಬೆರಳ ತುದಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ನಮ್ಮ ಕಡೆ ಮೂರು ತಿಂಗಳು ಕಾದು, ಬೆದೆಗೆ ಬಾರದಿದ್ದರೆ ಗಬ್ಬ ಎಂದು ಲೆಕ್ಕ ಹಾಕುವುದೇ ರೂಢಿ. ಸ್ಕ್ಯಾನ್ (ಅಲ್ಟ್ರಾಸೌಂಡ್) ಮೆಷಿನ್ ತೆಗೆದುಕೊಳ್ಳುತ್ತೇನೆ ಎಂದಾಗ ಜೊತೆಯ ಪಶುವೈದ್ಯರು ಹೇಳಿದ್ದು ಮೂರು ಮಾತು. ಎರಡು ಲೀಟರ್ ಹಾಲಿನ ದನಕ್ಕೆ ಸ್ಕ್ಯಾನಿನ ದುಡ್ಡು ಯಾರು ಕೊಡುತ್ತಾರೆ? ಮಿಶ್ರತಳಿಗೆ ಕೈಯೇ ಸಾಕಲ್ಲ? ನಾಯಿ ಬೆಕ್ಕಿಗೆ ಮಂಗಳೂರು ಇದೆಯಲ್ಲ? ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತ ಕೆಲಸ ಮಾಡಿ ಕೆಲವು ವರ್ಷವಾದ ಮೇಲೆ ಈಗ ಬರೆಯುತ್ತಿದ್ದೇನೆ: ಮೂರೂ ಮಾತು ನಿಲ್ಲಲಿಲ್ಲ.

ಮೊದಲು ದುಡ್ಡಿನ ವಿಷಯ. ಅಂಕಿಗಳು ನೆನಪಿನಿಂದ, ಹೆಚ್ಚುಕಡಿಮೆ ಇರಬಹುದು. ಎರಡು ಪ್ರೋಬ್ (ದನಕ್ಕೆ ತಾಗಿಸುವ ಭಾಗ) ಇರುವ ಸೆಕೆಂಡ್ ಹ್ಯಾಂಡ್ ಪೋರ್ಟಬಲ್ ಅಲ್ಟ್ರಾಸೌಂಡಿಗೆ ಎರಡೂಮುಕ್ಕಾಲು ಲಕ್ಷ. ಒಂದು 5ರಿಂದ 7.5 ಮೆಗಾಹರ್ಟ್ಸ್‌ನ ಲೀನಿಯರ್ ರೆಕ್ಟಲ್ ಪ್ರೋಬ್, ಗುದನಾಳದೊಳಗೆ ಹಾಕುವುದು; ಇನ್ನೊಂದು 3.5ರ ಕಾನ್ವೆಕ್ಸ್, ಮೈಮೇಲಿಂದ ನೋಡುವುದು. ಪೋರ್ಟಬಲ್ ಎಕ್ಸ್‌ರೇಗೆ ಎರಡೂಕಾಲು, ಚಿತ್ರ ಹಿಡಿಯುವ 14×17 ಇಂಚಿನ ಡಿಜಿಟಲ್ (ಡಿಆರ್) ಪ್ಯಾನೆಲಿಗೂ ಲ್ಯಾಪ್‌ಟಾಪಿಗೂ ಸೇರಿ ನಾಲ್ಕೂವರೆ, ಕೋಣೆ ಮತ್ತು ಲೆಡ್ ಏಪ್ರನ್ ಮುಂತಾದ್ದಕ್ಕೆ ಮುಕ್ಕಾಲು ಲಕ್ಷ. ಎಂಟು ಲಕ್ಷ ಬ್ಯಾಂಕ್ ಸಾಲ, ತಿಂಗಳಿಗೆ 17 ಸಾವಿರ ಚಿಲ್ಲರೆ ಕಂತು. ಮೊದಲ ವರ್ಷ ಸ್ಕ್ಯಾನಿನ ಆದಾಯ ಕಂತಿಗೂ ಸಾಲಲಿಲ್ಲ. ಎರಡನೇ ಮಳೆಗಾಲ ಕಳೆದ ಮೇಲೆ ಸರಿತೂಗಿತು, ಈಗ ಕಂತು ಕಳೆದು ಉಳಿಯುತ್ತದೆ.

ಹಳೆಯ ಮೆಷಿನ್ ಕೊಳ್ಳುವವರು ಒಂದು ಪರೀಕ್ಷೆ ಬಿಡಬಾರದು. ಜೆಲ್ ಹಾಕದೆ ಪ್ರೋಬನ್ನು ಗಾಳಿಯಲ್ಲಿ ಹಿಡಿದರೆ ಪರದೆಯ ಮೇಲ್ಭಾಗದಲ್ಲಿ ಸಮಾನಾಂತರ ಬಿಳಿ ಗೆರೆಗಳು ಕಾಣುತ್ತವೆ. ಪೇಪರ್ ಕ್ಲಿಪ್ ಬಿಡಿಸಿ, ಆ ತಂತಿಯನ್ನು ಪ್ರೋಬಿನ ಮುಖಕ್ಕೆ ಅಡ್ಡಲಾಗಿ ತಾಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ಜಾರಿಸಿ. ತಂತಿ ಇರುವಲ್ಲಿ ಬೆಳ್ಳಗಿನ ಪಟ್ಟಿ ಅದರ ಜೊತೆಗೇ ಸರಿಯಬೇಕು. ಎಲ್ಲಿ ಪಟ್ಟಿ ಮಾಯವಾಗುತ್ತದೋ ಅಲ್ಲಿ ಎಲಿಮೆಂಟ್, ಅಂದರೆ ಧ್ವನಿ ಕಳಿಸಿ ಹಿಡಿಯುವ ಹರಳು, ಸತ್ತಿದೆ. ನನಗೆ ತೋರಿಸಿದ ಮೊದಲ ರೆಕ್ಟಲ್ ಪ್ರೋಬಿನಲ್ಲಿ ನಡುವೆಯೇ ಎರಡು ಕಡೆ ಹಾಗಿತ್ತು. ಮಾರುವವರು "ಅದು ಸೆಟ್ಟಿಂಗು" ಎಂದರು. ಪ್ರೋಬ್ ಬದಲಿಸಿಕೊಟ್ಟ ಮೇಲೆಯೇ ಹಣ ಕೊಟ್ಟದ್ದು. ಬಿಡಿ ಪ್ರೋಬ್ ಕೊಳ್ಳಹೋದರೆ ಮೆಷಿನಿನ ಕಾಲು ಭಾಗ ಬೆಲೆ, ನೆನಪಿರಲಿ.

ಕಾಗದಪತ್ರವೂ ಮೊದಲೇ ಆಗಬೇಕು. ದನಕ್ಕೆ ಬಳಸುವ ಅಲ್ಟ್ರಾಸೌಂಡಾದರೂ, ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ವಿಷಯವಾಗಿ ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಿ, ಕಾಗದ ಸರಿಮಾಡಿಕೊಂಡೇ ಮುಂಗಡ ಕೊಡಿ. ಎಕ್ಸ್‌ರೇಗೆ ಎಇಆರ್‌ಬಿಯ (ಅಣುಶಕ್ತಿ ನಿಯಂತ್ರಣ ಮಂಡಳಿಯ) ಇ-ಲೋರಾ ಜಾಲತಾಣದಲ್ಲಿ ಅರ್ಜಿ, ಕೋಣೆಯ ನಕ್ಷೆ, ಮೈಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್. ಇದರಲ್ಲಿ ಅಡ್ಡದಾರಿ ಬೇಡ.

ಈಗ ರಾಡ್. ಗಿಡ್ಡಕ್ಕೆ ಕೈ ಹೋಗದಿದ್ದರೂ ಪ್ರೋಬ್ ಹೋಗುತ್ತದೆ, ಅದಕ್ಕೊಂದು ಹಿಡಿಕೆ ಬೇಕು ಅಷ್ಟೆ. ಕಂಪನಿಯ ರಾಡಿಗೆ ಕೇಳಿದ ಬೆಲೆ ನೋಡಿ ವಯರಿಂಗಿನ 25 ಎಂಎಂ ಪಿವಿಸಿ ಪೈಪಿನಿಂದಲೇ ಮಾಡಿದೆ. ಸುಮಾರು ಮುಕ್ಕಾಲು ಅಡಿ ಒಳಗೆ, ಅಷ್ಟೇ ಹೊರಗೆ ಬರುವಂತೆ ಪೈಪ್ ಕತ್ತರಿಸಿ, ಉದ್ದಕ್ಕೆ ಸೀಳಿ ಕೇಬಲನ್ನು ಆ ಸಂದಿನಲ್ಲಿ ಕೂರಿಸಬೇಕು. ತುದಿಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ ಪ್ರೋಬಿನ ಬೆನ್ನಿನ ಆಕಾರಕ್ಕೆ ಒತ್ತಬೇಕು. ಸೀಳಿದ ಅಂಚನ್ನೆಲ್ಲ ಮರಳು ಕಾಗದದಿಂದ ಉಜ್ಜಿ, ಮೇಲೆ ಟೇಪ್ ಸುತ್ತಿ, ಎಲ್ಲಕ್ಕೂ ಉದ್ದ ಕೈಗವಸಿನ ಹೊದಿಕೆ, ಒಳಗೂ ಹೊರಗೂ ಜೆಲ್. ಮೊದಲ ಎರಡು ರಾಡ್ ಹಾಳಾದವು. ಒಂದು ತೆಳ್ಳಗಿನ ಪೈಪ್, ದನ ಅಲುಗಿದಾಗ ಬಳುಕಿ ಪ್ರೋಬ್ ಬದಿಗೆ ತಿರುಗಿತು. ಇನ್ನೊಂದು ನೇರವಾಗಿತ್ತು, ಪ್ರೋಬಿನ ಮುಖ ಕೆಳಗಿನ ಗೋಡೆಗೆ ಒತ್ತಲಿಲ್ಲ, ಪರದೆ ಪೂರ್ತಿ ಕಪ್ಪು. ತುದಿಗೆ ಸ್ವಲ್ಪ ಬಾಗು ಬೇಕು. ಎಷ್ಟು ಬಾಗು, ಯಾವ ಕಡೆಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಕೈಯಲ್ಲಿ ಹಿಡಿದು ತೋರಿಸುತ್ತೇನೆ.

ಸೆಗಣಿಯನ್ನು ಎರಡು ಬೆರಳಿನಿಂದಲಾದರೂ ಪೂರ್ತಿ ತೆಗೆಯಲೇಬೇಕು, ಗಾಳಿ ಉಳಿದರೆ ಏನೂ ಕಾಣುವುದಿಲ್ಲ. ಮೊದಲು ಸಿಗುವುದು ಮೂತ್ರಕೋಶ, ಕಪ್ಪು ಚೀಲ. ಅದನ್ನು ಗುರುತು ಇಟ್ಟುಕೊಂಡು ಒಂದೆರಡು ಇಂಚು ಮುಂದೆ ಹೋಗಿ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ, ಗರ್ಭಕೋಶದ ಕೊಂಬು ಸಿಗುತ್ತದೆ. ಮಿಶ್ರತಳಿಯಲ್ಲಿ ಕೈಯಲ್ಲಿ ಹಿಡಿದ ಪ್ರೋಬಿನಿಂದ 28-30 ದಿನಕ್ಕೆ ಭ್ರೂಣವೂ ಅದರ ಎದೆಬಡಿತವೂ ಕಾಣುತ್ತವೆ. ಗಿಡ್ಡಕ್ಕೆ ರಾಡಿನಲ್ಲಿ 35ರ ಮೊದಲು ನಾನು ಮಾತು ಕೊಡುವುದಿಲ್ಲ. ಬರೀ ನೀರು ಕಂಡರೆ ಗಬ್ಬ ಎನ್ನಬಾರದು, ಬೆದೆಯ ಸಮಯದ ನೀರೂ ಹಾಗೆಯೇ ಕಾಣುತ್ತದೆ. ಎದೆಬಡಿತ ಕಾಣಲೇಬೇಕು. ದನ ತಿಣುಕಿದಾಗ ರಾಡ್ ತಳ್ಳಿದರೆ ಗುದನಾಳ ಹರಿಯುತ್ತದೆ. ಕೈ ಆದರೆ ತಾನೇ ಹಿಂದೆ ಬರುತ್ತದೆ, ಪೈಪಿಗೆ ಆ ಬುದ್ಧಿ ಇಲ್ಲ. ತಿಣುಕು ನಿಲ್ಲುವ ತನಕ ಬಿಟ್ಟು ನಿಲ್ಲಿ.

ಮಿಶ್ರತಳಿಗೆ ಕೈ ಸಾಕು ಎಂಬ ಮಾತಿಗೆ ಉತ್ತರ ಅಂಡಾಶಯದಲ್ಲಿದೆ. ಬೆದೆಗೆ ಬಾರದ ದನಕ್ಕೆ ಬೆದೆ ತರಿಸುವ ಪ್ರೋಸ್ಟಗ್ಲಾಂಡಿನ್ ಕೊಡುವ ಮೊದಲು ಕಾರ್ಪಸ್ ಲ್ಯೂಟಿಯಂ (ಅಂಡ ಬಿಟ್ಟ ಜಾಗದ ಗಡ್ಡೆ, ಔಷಧಿ ಕೆಲಸ ಮಾಡುವುದು ಇದರ ಮೇಲೆಯೇ) ಇದೆಯೋ, ನೀರಿನ ಗುಳ್ಳೆಯೋ ಎಂದು ಬೆರಳು ಎಷ್ಟೋ ಸಲ ಹೇಳುವುದಿಲ್ಲ. ಸ್ಕ್ಯಾನಿನಲ್ಲಿ ಮೊದಲನೆಯದು ಬೂದು, ಎರಡನೆಯದು ಕಪ್ಪು. ಒಂದು ಇಂಜೆಕ್ಷನ್ ವ್ಯರ್ಥವಾಗುವುದು ತಪ್ಪುತ್ತದೆ. ಗಬ್ಬದ ದನಕ್ಕೆ ಅದನ್ನೇ ಕೊಟ್ಟು ಕರು ಕಳೆಯುವ ಅನಾಹುತವೂ ತಪ್ಪುತ್ತದೆ.

ಹಟ್ಟಿಯಲ್ಲಿ ಕೈಕೊಟ್ಟದ್ದು ಹೆಚ್ಚಾಗಿ ಕರೆಂಟು. ಮೆಷಿನಿನ ಸ್ವಂತ ಬ್ಯಾಟರಿ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಅಗ್ಗದ ಕಾರ್ ಇನ್ವರ್ಟರ್ ಜೋಡಿಸಿದರೆ ಚಿತ್ರದ ತುಂಬ ಓಡುವ ಗೆರೆಗಳು. ಪ್ಯೂರ್ ಸೈನ್ ವೇವ್ ಇನ್ವರ್ಟರ್, 300 ವ್ಯಾಟಿನದು, ತಂದ ಮೇಲೆ ಗೆರೆ ಹೋಯಿತು. ಮನೆಯ ಲೈನಿಗೇ ಹಾಕಿದರೆ ತೋಟದ ಪಂಪ್ ಅಥವಾ ಹಾಲು ಕರೆಯುವ ಮೆಷಿನ್ ಓಡುವಾಗ ಅದೇ ಗೆರೆ ಬರುತ್ತದೆ, ಹತ್ತು ನಿಮಿಷ ಪಂಪ್ ನಿಲ್ಲಿಸಲು ಹೇಳಿ. ಬಿಸಿಲಿಗೆ ಪರದೆ ಕಾಣದಿದ್ದರೆ ಕಪ್ಪು ಕೊಡೆಯೇ ಸಾಕು. ಮಳೆಗಾಲದಲ್ಲಿ ಮೆಷಿನ್ ಇಡುವ ಕಪಾಟಿನಲ್ಲಿ ಹಳೆಯ ಕಾಲದ 40 ವ್ಯಾಟ್ ಬಲ್ಬ್ ಹಗಲುರಾತ್ರಿ ಉರಿಯುತ್ತಿರಬೇಕು, ಇಲ್ಲಿನ ತೇವಕ್ಕೆ ಸಿಲಿಕಾ ಜೆಲ್ ವಾರದಲ್ಲಿ ಸೋಲುತ್ತದೆ.

ಈ ಏರ್ಪಾಡಿನ ಹೆಸರು ನಿಂತದ್ದು ತಂತಿ ನುಂಗಿದ ದನಗಳಿಂದ. ಮನೆ ಕಟ್ಟುವ ಕಡೆ ಬಿದ್ದ ಬೈಂಡಿಂಗ್ ವಯರ್, ಮೊಳೆ, ಎಲ್ಲವೂ ಹುಲ್ಲಿನ ಜೊತೆ ಒಳಗೆ ಹೋಗುತ್ತವೆ. ಮೇವು ಬಿಟ್ಟ ದನಕ್ಕೆ ವಾರಗಟ್ಟಲೆ ಜೀರ್ಣದ ಪುಡಿ, ಕ್ಯಾಲ್ಸಿಯಂ ಎಂದು ದುಡ್ಡು ಹೋಗುವುದು ಎಲ್ಲರಿಗೂ ಗೊತ್ತು. ನುಂಗಿದ ತಂತಿ ಹೋಗಿ ಕೂರುವುದು ರೆಟಿಕ್ಯುಲಂ ಎಂಬ ಹೊಟ್ಟೆಯ ಕೋಣೆಯಲ್ಲಿ. ಕಾನ್ವೆಕ್ಸ್ ಪ್ರೋಬಿನಲ್ಲಿ ಅದನ್ನು ನೋಡುವುದು ಹೀಗೆ. ಎಡ ಮೊಣಕೈಯ ಹಿಂದೆ, 6-7ನೇ ಪಕ್ಕೆಲುಬಿನ ಸಂದಿನ ಕೆಳಭಾಗದಿಂದ ಎದೆಮೂಳೆಯ ಹಿಂತುದಿಯ ತನಕ ಅಂಗೈ ಅಗಲ ಕೂದಲು ಬ್ಲೇಡಿನಲ್ಲಿ ಬೋಳಿಸಿ. ಕತ್ತರಿಯಿಂದ ಆಗುವುದಿಲ್ಲ, ಬುಡದಲ್ಲಿ ಗಾಳಿ ಉಳಿಯುತ್ತದೆ. ಸಾಬೂನು ನೀರಿನಿಂದ ತೊಳೆದು ಧಾರಾಳ ಜೆಲ್ ಹಾಕಿ, ಆಳ 15-18 ಸೆಂಟಿಮೀಟರ್ ಇಡಿ. ಡಯಾಫ್ರಮ್ಮಿನ (ವಪೆಯ) ಹಿಂದೆ ಅರ್ಧಚಂದ್ರದಂಥ ನುಣುಪು ಅಂಚು ಕಾಣುತ್ತದೆ. ಅಲ್ಲಿಂದ ಪ್ರೋಬ್ ಅಲುಗಿಸಬೇಡಿ, ಮೊಬೈಲಿನಲ್ಲಿ ಐದು ನಿಮಿಷ ಇಟ್ಟು ಎಣಿಸಿ. ಒಳ್ಳೆಯ ದನದಲ್ಲಿ ಸುಮಾರು ನಿಮಿಷಕ್ಕೊಂದು ಜೋಡಿ ಸಂಕೋಚನ: ಮೊದಲು ಅರ್ಧ ಸೆಳೆಯುತ್ತದೆ, ಬೆನ್ನಿಗೇ ಎರಡನೆಯದರಲ್ಲಿ ಪರದೆಯಿಂದಲೇ ಮರೆಯಾಗಿ ಮತ್ತೆ ಇಳಿಯುತ್ತದೆ. ತಂತಿ ಚುಚ್ಚಿದ ದನದಲ್ಲಿ ಐದು ನಿಮಿಷಕ್ಕೆ ಒಂದೋ ಎರಡೋ, ಅದೂ ಅರೆಬರೆ. ಅಂಚು ಒರಟು, ಅದರ ಹೊರಗೆ ಫೈಬ್ರಿನ್ನಿನ (ಗಾಯದಿಂದ ಒಸರಿ ಹೆಪ್ಪುಗಟ್ಟಿದ ನಾರಿನ) ಬಿಳಿ ಎಳೆಗಳು, ನಡುನಡುವೆ ಕಪ್ಪು ನೀರಿನ ಗುಂಡಿಗಳು. ದಪ್ಪ ಗೋಡೆಯ ಒಳಗೆ ಬೂದುಬಣ್ಣ ತುಂಬಿದ್ದರೆ ಕೀವು.

ತಂತಿಯೇ ಕಾಣುತ್ತದೆ ಎಂದು ಯಾರಿಗೂ ಹೇಳಬೇಡಿ. ಒಳಗಿನ ಗಾಳಿಯಿಂದಾಗಿ ಸ್ಕ್ಯಾನಿನಲ್ಲಿ ತಂತಿ ಕಾಣುವುದು ಅಪರೂಪ. ನಾವು ನೋಡುವುದು ಅದು ಮಾಡಿದ ಗಾಯವನ್ನು. ಎಡಗಡೆ ಗುಲ್ಮದ ಅಂಚು ಅಡ್ಡ ಬಂದು ಗೊಂದಲ ಮಾಡುತ್ತದೆ, ಅದರ ಒಳಗು ಪೂರ್ತಿ ಒಂದೇ ಸಮನಾದ ಸಣ್ಣ ಕಾಳು. ಮುಖ್ಯವಾದದ್ದು ಇನ್ನೊಂದು: ಮಂಪರು ಬರಿಸುವ ಜೈಲಾಜಿನ್ ಕೊಟ್ಟ ದನದಲ್ಲಿ ರೆಟಿಕ್ಯುಲಂ ನಿಂತೇ ಹೋಗುತ್ತದೆ, ಆಗ ಎಣಿಸಿದ್ದಕ್ಕೆ ಬೆಲೆ ಇಲ್ಲ. ನೋವಿನ ಇಂಜೆಕ್ಷನ್ ಕೊಟ್ಟ ಮೇಲೂ ಚಲನೆ ಸುಧಾರಿಸಿದಂತೆ ಕಾಣಬಹುದು. ಸ್ಕ್ಯಾನ್ ಮೊದಲು, ಸಿರಿಂಜ್ ಆಮೇಲೆ. ಹಾಲುಜ್ವರದಲ್ಲೂ ಸಂಕೋಚನ ಕಡಿಮೆಯಾಗುತ್ತದೆ, ಆದರೆ ಫೈಬ್ರಿನ್ ಇರುವುದಿಲ್ಲ. ಪ್ರೋಬನ್ನು ಹಾಗೆಯೇ ಒಂದೆರಡು ಸಂದು ಮುಂದೆ ಸರಿಸಿ ಹೃದಯ ನೋಡಿ. ಸುತ್ತ ನೀರೂ ಎಳೆಗಳೂ ಇದ್ದರೆ ಆಪರೇಷನ್ನಿನ ಮಾತೇ ಬೇಡ, ಮನೆಯವರಿಗೆ ಅಂದೇ ಸತ್ಯ ಹೇಳಿ. ಆ ಒಂದು ಮಾತಿನಿಂದ ಅವರಿಗೆ ಉಳಿಯುವ ದುಡ್ಡು ನಮ್ಮ ಶುಲ್ಕದ ಎಷ್ಟೋ ಪಾಲು ಹೆಚ್ಚು.

ತಂತಿಯನ್ನೇ ನೋಡಬೇಕಾದರೆ ಎಕ್ಸ್‌ರೇ. ದೊಡ್ಡ ಎಚ್‌ಎಫ್ ದನಕ್ಕೆ ಪೋರ್ಟಬಲ್ ಮೆಷಿನ್ ಸಾಲದು, ಪ್ರಯತ್ನಿಸಿ ಕೈಬಿಟ್ಟೆ, ಬರೀ ಮಂಜು. ಆದರೆ ಗಿಡ್ಡದ ಎದೆ ಅಷ್ಟು ಅಗಲವಿಲ್ಲ! ನಿಂತ ದನದ ಎಡಕ್ಕೆ ಪ್ಯಾನೆಲ್, ಬಲದಿಂದ ಕಿರಣ, ಎಡ ಮುಂಗಾಲು ಮುಂದಕ್ಕೆ ಎಳೆದು ಕಟ್ಟಿ, ಮೊಣಕೈಯ ಹಿಂದೆ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ, ದೂರ ಒಂದು ಮೀಟರ್. ಕಿರಣದ ಬಲ 90-95 ಕೆವಿ, ಪ್ರಮಾಣ 8-10 ಎಂಎಎಸ್. ಸಣ್ಣ ಮೆಷಿನಿನಲ್ಲಿ ಅಷ್ಟು ಎಂಎಎಸ್‌ಗೆ ಸಮಯ ಹೆಚ್ಚು ಬೇಕು, ಉಸಿರು ಬಿಟ್ಟು ಮುಗಿಯುವ ಕ್ಷಣಕ್ಕೆ ಒತ್ತದಿದ್ದರೆ ಮಸುಕಾಗುತ್ತದೆ. ಚದುರಿದ ಕಿರಣ ತಡೆಯುವ ಗ್ರಿಡ್ ಹಾಕಿದರೆ ಇನ್ನೂ ಹೆಚ್ಚು ಎಂಎಎಸ್ ಬೇಕು, ನಮ್ಮಲ್ಲಿ ಅದಿಲ್ಲ. ಗ್ರಿಡ್ಡಿನ ಬದಲು ಪ್ಯಾನೆಲನ್ನು ಮೈಯಿಂದ ಒಂದು ಗೇಣು ದೂರ ಇಟ್ಟು ನೋಡಿದೆ, ಚದುರಿದ ಕಿರಣ ಕಡಿಮೆಯಾಗಿ ತಂತಿ ಸ್ಪಷ್ಟವಾಯಿತು, ಸ್ವಲ್ಪ ದೊಡ್ಡದಾಗಿ ಕಂಡಿತು ಅಷ್ಟೆ. ಚಂದದ ಚಿತ್ರ ಯಾರಿಗೆ ಬೇಕು, ತಂತಿ ಕಂಡರೆ ಸಾಕು. ರೆಟಿಕ್ಯುಲಂ ತಳದಲ್ಲಿ ಮಟ್ಟಸವಾಗಿ ಮಲಗಿದ ತಂತಿಗೆ ಹೆದರಬೇಕಾಗಿಲ್ಲ, ಆಯಸ್ಕಾಂತ ನುಂಗಿಸಿ ಕಾಯಬಹುದು. ತಳ ಬಿಟ್ಟು ಮೇಲೆದ್ದು ಓರೆಯಾಗಿ ನಿಂತದ್ದು, ಅಂಚಿನಿಂದ ಹೊರಗೆ ಹೋದದ್ದು ಚುಚ್ಚಿದ್ದು. ಆಯಸ್ಕಾಂತ ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ತಿಳಿಯಲಿಕ್ಕೆ ಎಕ್ಸ್‌ರೇ ದಂಡ ಮಾಡಬೇಡಿ. ಮಕ್ಕಳ ದಿಕ್ಸೂಚಿಯನ್ನು ಎಡ ಮೊಣಕೈಯ ಹಿಂದೆ ಹಿಡಿಯಿರಿ, ಮುಳ್ಳು ತಿರುಗುತ್ತದೆ.

ಪ್ಯಾನೆಲನ್ನು ಕೈಯಲ್ಲಿ ಹಿಡಿಯುವುದು ಬೇಡ. ಪ್ಲೈವುಡ್ಡಿನ ಚೌಕಟ್ಟಿಗೆ ಐದು ಅಡಿಯ ಕೋಲು ಹಾಕಿ ದೂರದಿಂದ ಹಿಡಿಸುತ್ತೇನೆ, ದೂರ ಎರಡು ಪಟ್ಟಾದರೆ ವಿಕಿರಣ ನಾಲ್ಕನೇ ಒಂದು. ಚೌಕಟ್ಟಿನಿಂದ ಇನ್ನೊಂದು ಲಾಭ, ದನ ಒದ್ದರೆ ಪ್ಲೈವುಡ್ ಒಡೆಯುತ್ತದೆ, ಲಕ್ಷಗಟ್ಟಲೆಯ ಪ್ಯಾನೆಲ್ ಉಳಿಯುತ್ತದೆ.

ನಾಯಿಗಳ ವಿಷಯ ಚುಟುಕಾಗಿ. ಮರಿ ಎಣಿಸಲಿಕ್ಕೆ ಸ್ಕ್ಯಾನ್ ಬೇಡ, ಗಬ್ಬಕ್ಕೆ 55 ದಿನ ದಾಟಿದ ಮೇಲೆ ಎಕ್ಸ್‌ರೇಯಲ್ಲಿ ತಲೆಬುರುಡೆ ಎಣಿಸಿ. ಮರಿ ಬದುಕಿದೆಯೇ ಎಂಬುದಕ್ಕೆ ಸ್ಕ್ಯಾನ್. ಮೂತ್ರಕೋಶದ ಕಲ್ಲಿನಲ್ಲಿ ಯೂರೇಟ್ ಎಂಬ ಬಗೆ ಎಕ್ಸ್‌ರೇಗೆ ಸಿಗದೆ ಜಾರುತ್ತದೆ, ಎರಡನ್ನೂ ಮಾಡಿ. ತಜ್ಞರಿಗೆ ಚಿತ್ರ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಅದು ಚಿತ್ರವನ್ನು ಕುಗ್ಗಿಸಿ ಹಾಳುಮಾಡುತ್ತದೆ. ಮೆಷಿನಿನಿಂದ ಬರುವ ಮೂಲ ಚಿತ್ರದ ಡೈಕಾಮ್ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ, ಎರಡು ಕೋನದ ಚಿತ್ರವೂ ರೋಗದ ವಿವರವೂ ಜೊತೆಗಿರಲಿ. ಕಂಪ್ಯೂಟರೇ ಓದಿ ವರದಿ ಕೊಡುವ ವ್ಯವಸ್ಥೆಗಳೂ ಬಂದಿವೆ. ಹೃದಯದ ಅಳತೆಗೆ ಪರವಾಗಿಲ್ಲ, ಹೃದಯದ ಉದ್ದಗಲವನ್ನು ಬೆನ್ನುಮೂಳೆಯ ಮಣಿಗಳ ಲೆಕ್ಕದಲ್ಲಿ ಅಳೆದು ಕೂಡಿದರೆ ನಾಯಿಗೆ 9.7ರ ಆಸುಪಾಸು ಸರಿ. ಹೊಟ್ಟೆಯ ಚಿತ್ರಕ್ಕೆ ನಾನು ಇನ್ನೂ ನಂಬುವುದಿಲ್ಲ.

ಜೆಲ್ಲಿನ ಖರ್ಚು ಉಳಿಸಲಿಕ್ಕೆ ಮರಗೆಣಸಿನ ಹಿಟ್ಟು ಕಾಯಿಸಿ ನೋಡಿದೆ. ಒಂದು ಲೋಟ ಹಿಟ್ಟಿಗೆ ಎಂಟರಿಂದ ಹತ್ತು ಲೋಟ ನೀರು, ಚಿಟಿಕೆ ಉಪ್ಪು, ಗಂಟು ಕಟ್ಟದಂತೆ ತಿರುಗಿಸಿ ಪಾರದರ್ಶಕವಾಗುವ ತನಕ ಕುದಿಸಿ ಆರಿಸಬೇಕು. ಚಿತ್ರ ಅಂಗಡಿ ಜೆಲ್ಲಿನಷ್ಟೇ ಚೆನ್ನಾಗಿ ಬಂತು. ಮರುದಿನ ಹುಳಿಯಿತು, ಇರುವೆ ಮುತ್ತಿತು, ಹಾಗಾಗಿ ಅಂದಂದಿಗೆ ಮಾತ್ರ. ಲೋಳೆಸರ ಬೇಗ ಒಣಗುತ್ತದೆ. ತೆಂಗಿನೆಣ್ಣೆ ಕೈಗೆ ಹತ್ತಿರವಿದೆಯೆಂದು ಹಾಕಬೇಡಿ, ಎಣ್ಣೆ ಪ್ರೋಬಿನ ಮುಖದ ರಬ್ಬರನ್ನು ಉಬ್ಬಿಸುತ್ತದೆ. ಸ್ಪಿರಿಟ್ಟೂ ಅಷ್ಟೆ, ಒರೆಸಲಿಕ್ಕೆ ಸಾಬೂನು ನೀರು ಸಾಕು.

ಈಗ ನನ್ನ ದರ: ಗಬ್ಬ ನೋಡಲಿಕ್ಕೆ 250, ಒಂದೇ ಹಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚಿದ್ದರೆ 200. ರೆಟಿಕ್ಯುಲಂ 700, ಎಕ್ಸ್‌ರೇ ಒಂದಕ್ಕೆ 450, ಎರಡು ಕೋನಕ್ಕೆ 800. 35 ದಿನಕ್ಕೆ ಗಬ್ಬ ಎಂದ ದನವನ್ನು 60 ದಿನ ದಾಟಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ, ನಡುವೆ ಭ್ರೂಣ ಕರಗುವುದುಂಟು. ಆ ಎರಡನೇ ನೋಟಕ್ಕೆ ಹಣವಿಲ್ಲ. ಆ ದಾರಿಯಲ್ಲಿ ಬೇರೆ ಕೆಲಸ ಬಂದ ದಿನ ಹೋಗುವುದು, ಮನೆಯವರು ಆ ಹೊತ್ತಿಗೆ ಪಕ್ಕದ ಹಟ್ಟಿಯ ಎರಡು ದನವನ್ನೂ ಕಟ್ಟಿ ಇಟ್ಟಿರುತ್ತಾರೆ.